ಏಳು ಜನರ ಬಳಗ
ಐವತ್ತರ ದಶಕದಲ್ಲಿ ನಾವು ಮಾಟುಂಗದ ಚಾಳೊಂದರ ಎರಡನೇ ಮಹಡಿಯಲ್ಲಿದ್ದೆವು, ಒಂದೇ ಖೋಲಿಯ ಮನೆ. ಧಾರವಾಡದ ಕಡೆಯಿಂದ ಬಂದು ನೌಕರಿ ಮಾಡುತ್ತಿದ್ದ ಗಂಡಸರಿಗಾಗಿ ಒಬ್ಬ ಸ್ವಾಮಿಗಳು ಸತ್ಸಂಗ ಕಟ್ಟಿದ್ದರು. ಏಳು ಜನಕ್ಕೊಂದು ಬಳಗ, ಬಳಗಕ್ಕೊಬ್ಬ ಮುಖ್ಯಸ್ಥ, ಐದು ಮುಖ್ಯಸ್ಥರ ಮೇಲೊಬ್ಬ ಸಂಚಾಲಕ. ದೇವರ ಹೆಸರಿಗಿಂತ ಹುದ್ದೆಗಳ ಹೆಸರೇ ಹೆಚ್ಚು ಕೇಳಿಸುತ್ತಿತ್ತು. ಆಫೀಸಿನಲ್ಲಿ ಹತ್ತು ವರ್ಷ ಗುಮಾಸ್ತರಾಗಿಯೇ ಉಳಿದಿದ್ದ ನನ್ನ ಗಂಡ ಇಲ್ಲಿ ಮೂರೇ ತಿಂಗಳಲ್ಲಿ ಮುಖ್ಯಸ್ಥರಾದರು.

ಭಾನುವಾರ ಬೆಳಿಗ್ಗೆ ಬಳಗ ನಮ್ಮ ಖೋಲಿಯಲ್ಲೇ ಸೇರುತ್ತಿತ್ತು. ಏಳು ಜನ ಕೂತರೆ ನನಗೆ ನಿಲ್ಲಲೂ ಜಾಗವಿಲ್ಲ. ಚಹಾ ಮಾಡಿಟ್ಟು ಬಾಗಿಲ ಹೊರಗಿನ ಗ್ಯಾಲರಿಗೆ ಹೋಗಬೇಕು. ಒಳಗೆ ಒಬ್ಬೊಬ್ಬರೂ ಆ ವಾರ ತಾವು ಸಿಟ್ಟನ್ನು ಹೇಗೆ ಗೆದ್ದೆವೆಂದು ಹೇಳಿಕೊಳ್ಳುತ್ತಿದ್ದರು. ಅವರ ಹೆಂಡಂದಿರನ್ನೆಲ್ಲ ನಾನು ಬಲ್ಲೆ. ನಗು ತಡೆಯುವುದು ಕಷ್ಟವಾಗುತ್ತಿತ್ತು.

ಒಂದು ಭಾನುವಾರ ಪಕ್ಕದ ಖೋಲಿಯ ಮರಾಠಿ ಹೆಂಗಸು ನೀರಿನ ಕೊಡ ಹೊತ್ತು ಬರುವಾಗ ಜಾರಿಬಿದ್ದು ಕಾಲು ಮುರಿದುಕೊಂಡಳು. ಅವಳ ಗಂಡ ಭಾನುವಾರವೂ ಕೆಲಸಕ್ಕೆ ಹೋಗಿದ್ದ. ನಾನು ಓಡಿಬಂದು ಬಾಗಿಲು ಬಡಿದೆ.

"ಅಲ್ರೀ, ಲಗೂ ಬರ್ರಿ. ಬಾಜೂ ಖೋಲಿ ಬಾಯಿ ಬಿದ್ದಾಳ. ಕೆಳಗ ಇಳಿಸಬೇಕು."

ನನ್ನ ಗಂಡ ಬಾಗಿಲನ್ನು ಒಂದು ಗೇಣು ತೆರೆದರು. "ಸ್ವಲ್ಪ ತಡಿ. ಪ್ರಾರ್ಥನಾ ಅರ್ಧಕ್ಕ ಬಿಟ್ಟು ಏಳೂ ಹಂಗಿಲ್ಲ, ನಿಯಮ ಅದ," ಎಂದು ಮುಚ್ಚಿಕೊಂಡರು.

ನಾವು ನಾಲ್ವರು ಹೆಂಗಸರು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಹೊತ್ತು ಇಳಿಸಿ, ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಒಯ್ದೆವು. ಮಧ್ಯಾಹ್ನ ಮರಳಿದರೆ ಏಳು ಎಂಜಲು ಕಪ್ಪುಗಳು ನನ್ನ ದಾರಿ ಕಾಯುತ್ತಿದ್ದವು.

ಮುಂದಿನ ಭಾನುವಾರ ಗಂಡ ಸಂಚಾಲಕರಿಗೆ ಕಳಿಸುವ ವರದಿಯನ್ನು ಬಳಗದ ಮುಂದೆ ಗಟ್ಟಿಯಾಗಿ ಓದಿದರು: 'ನಮ್ಮ ಬಳಗದ ವತಿಯಿಂದ ಗಾಯಗೊಂಡ ನೆರೆಯ ಮಹಿಳೆಯನ್ನು ಆಸ್ಪತ್ರೆಗೆ ಸೇರಿಸಲಾಯಿತು.'

ನಾನು ಬಾಗಿಲಲ್ಲೇ ನಿಂತಿದ್ದೆ. "ಯಾರು ಸೇರಿಸಿದ್ರು?"

"ನೀ ನನ್ನ ಹೆಂಡತಿ ಹೌದಲ್ಲ? ನೀ ಮಾಡಿದ್ರ ನಾ ಮಾಡಿದಂಗ."

"ಹಂಗಾರ ಆಕೀನ್ನ ಹೊತ್ತು ನನ್ನ ಸೊಂಟ ಹಿಡದದ. ಅದನ್ನೂ ನೀವ ತಗೋರಿ."

ಸಿಟ್ಟು ಗೆದ್ದ ಮುಖ್ಯಸ್ಥರ ಮುಖ ಕೆಂಪೇರಿತು. ಆದರೂ ವರದಿಯ ಒಂದಕ್ಷರವನ್ನೂ ಹೊಡೆದುಹಾಕಲಿಲ್ಲ.

ಅದನ್ನು ಸ್ವಾಮಿಗಳು ದೊಡ್ಡ ಸಭೆಯಲ್ಲಿ ಓದಿಸಿ ಮೆಚ್ಚಿಕೊಂಡರಂತೆ. ನನ್ನ ಗಂಡ ಸಂಚಾಲಕರಾಗಿ, ಸಯನ್, ಧಾರಾವಿಯ ಬಳಗಗಳನ್ನು ತಿದ್ದಲು ಹೊರಟರು. ಪಕ್ಕದವಳು ಎದ್ದು ಓಡಾಡುವವರೆಗೂ ಅವರ ಮನೆಯ ರೊಟ್ಟಿ ನಾನೇ ಬಡಿದುಕೊಟ್ಟೆ. ಆ ಸಂಗತಿ ಗಂಡನ ಕಿವಿಗೆ ಬೀಳದಂತೆ ನೋಡಿಕೊಂಡೆ.