ಆ್ಯಶ್ಟನ್ ಊರಿನ ಆ್ಯಶ್ಟನ್

ರೈಲಿನಿಂದ ಇಳಿದಾಗ ನಿಲ್ದಾಣದ ಹಲಗೆಯ ಮೇಲೆ ಕಂಡ ಹೆಸರೇ ನನ್ನ ಬಾಡಿಗೆ ಖೋಲಿಯ ಪಕ್ಕದ ಬಾಗಿಲ ಮೇಲೂ ಇತ್ತು: ಆ್ಯಶ್ಟನ್. ಊರೂ ಅದೇ, ಒಳಗಿದ್ದ ಮುದುಕನ ಅಡ್ಡಹೆಸರೂ ಅದೇ. ಇಂಗ್ಲೆಂಡಿಗೆ ಹೋಟೆಲ್ ಅಡುಗೆಗೆ ಬಂದವನು ನಾನು. ಕಲಿತದ್ದು ನಾಲ್ಕನೇ ಇಯತ್ತೆ. ಇವನು ಈ ಊರಿನ ಒಡೆಯನೇ ಇರಬೇಕು, ನನ್ನ ಮೇಲೆ ಕಣ್ಣಿಟ್ಟಿದ್ದಾನೆ ಎಂದುಕೊಂಡು ಕಿಟಕಿಯ ಪರದೆ ಎಳೆದೆ.

ಒಂದು ದಿನ ಅವನು ಕೆಂಪು ದಂಟಿನ ಕಟ್ಟೊಂದನ್ನು ನನ್ನ ಬಾಗಿಲಲ್ಲಿಟ್ಟು ಹೋದ. ಎಲೆಗಳನ್ನೆಲ್ಲ ಕತ್ತರಿಸಿದ್ದ. ನಮ್ಮ ಬೆಳಗಾವಿಯ ಶಹಾಪುರದ ಸಂತೆಯಲ್ಲಿ ಎಲೆಯಿಲ್ಲದ ಪಲ್ಯ ಯಾರು ಕೊಳ್ಳುತ್ತಾರೆ? ಏನೋ ಇದೆ ಇದರಲ್ಲಿ ಎಂದು ಎಸೆದುಬಿಟ್ಟೆ. ಅದು ರೂಬಾರ್ಬ್, ಎಲೆ ವಿಷ, ದಂಟಷ್ಟೇ ತಿನ್ನುವುದು ಎಂದು ಹೋಟೆಲಿನವರು ಹೇಳಿದ ಮೇಲೆ ನಾಚಿಕೆಯಾಯಿತು. ಮುಂದಿನ ಸಲ ಬಂದ ದಂಟಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದೆ. ನಮ್ಮ ಪುಂಡಿ ಪಲ್ಯದ ಹುಳಿ ನಾಲಿಗೆಗೆ ಸಿಕ್ಕಿತು. ಅರ್ಧ ಅವನಿಗೆ ಒಯ್ದುಕೊಟ್ಟು, ಈ ಊರು ನಿಮ್ಮದೇನು ಎಂದು ಕೇಳಿದೆ.

ಮುದುಕ ನಕ್ಕ. ಆ್ಯಶ್ ಒಂದು ಮರವಂತೆ; ಟನ್ ಎಂದರೆ ಹಳೆಯ ಕಾಲದ ಹೊಲಮನೆ. ಆ ಮರವಿದ್ದಲ್ಲೆಲ್ಲ ಒಂದೊಂದು ಆ್ಯಶ್ಟನ್ ಎದ್ದಿದೆ. ಅವನ ಹಿರಿಯರು ಯಾವುದೋ ಒಂದನ್ನು ಬಿಟ್ಟು ಬೇರೆ ಕಡೆ ಹೋದಾಗ ಅಲ್ಲಿಯವರು ಹಾಗೆ ಕರೆದರು. ಯಾವ ಆ್ಯಶ್ಟನ್ ಎಂಬುದು ಅವನಿಗೂ ಗೊತ್ತಿಲ್ಲ. ಊರಲ್ಲೇ ಉಳಿದವರಿಗೆ ಊರಿನ ಹೆಸರು ಯಾಕೆ ಬೇಕು ಎಂದ.

ಅದನ್ನು ಕೇಳಿ ನನಗೆ ತಮ್ಮ ನೆನಪಾದ. ನಾವು ದೇಸೂರಿನವರು. ಅವ್ವ ತೀರಿದ ಮೇಲೆ ಅಪ್ಪ ಮಗ್ಗದ ಕೆಲಸಕ್ಕೆಂದು ನನ್ನನ್ನು ಶಹಾಪುರಕ್ಕೆ ಕರೆತಂದ. ಅಲ್ಲಿಯ ಶಾಲೆಯಲ್ಲಿ ನಾನು 'ದೇಸೂರ' ಆದೆ. ತಮ್ಮ ಶಿವಾನಂದ ಖಾನಾಪುರದ ಚಿಗವ್ವನ ಮನೆಯಲ್ಲಿ ಬೆಳೆದು ಹೈಸ್ಕೂಲಿಗೆ ಬೆಳಗಾವಿಗೆ ಬಂದ. ಮಾಸ್ತರರು 'ಖಾನಾಪುರ' ಎಂದು ಬರೆದುಕೊಂಡರು. ಅಪ್ಪನ ಹೆಸರು ಬಿಟ್ಟು ಚಿಗವ್ವನ ಕಡೆ ಸೇರಿದ್ದಾನೆ ಎಂಬ ಸಂಶಯ ನನ್ನಲ್ಲಿ ಬೇರೂರಿತು. ಅಪ್ಪ ಸತ್ತು, ದೇಸೂರಿನ ಮನೆಗೆ ವಾರಸುದಾರರ ಹೆಸರು ಬರೆಸುವಾಗ ಗುಮಾಸ್ತನ ಮುಂದೆ ಹೇಳಿದೆ: "ನಮ್ಮ ಅಡ್ಡಹೆಸರು ದೇಸೂರ ರೀ. ಇಂವಾ ಖಾನಾಪುರ. ಇಂವಾ ನಮ್ಮಂವ ಅಲ್ಲ."

ಶಿವಾನಂದ ಚಪ್ಪಲಿ ಮೆಟ್ಟಿ ಹೊರಟುಹೋದ. ಮನೆ ನನ್ನೊಬ್ಬನ ಹೆಸರಿಗಾಯಿತು. ಅಂದು ಆ ಮಾತು ಕೇಳಿದವರು ಇದನ್ನೂ ಓದಲಿ ಎಂದೇ ಬರೆಯುತ್ತಿದ್ದೇನೆ.

ಕಳೆದ ವಾರ ಫೋನ್ ಹಚ್ಚಿದೆ.

"ಯಾರ್ರೀ?"

"ನಾನೋ ಶಿವಾ, ಮಲ್ಲಣ್ಣ."

"ಯಾ ಮಲ್ಲಣ್ಣ?"

"ನಿಮ್ಮಣ್ಣ. ಕಚೇರ್ಯಾಗ ಸುಳ್ಳ ಹೇಳಿದ್ನೆಪಾ. ದಸರಾಕ್ಕ ಬಂದು, ನೀ ನನ್ನ ಖಾಸ ತಮ್ಮ ಅಂತ ಬರದ ಕೊಡ್ತೀನಿ. ಮನಿಗೆ ನಿನ್ನ ಹೆಸರೂ ಸೇರ್ಲಿ."

"ಈಗ್ಯಾಕ ನೆನಪಾತು? ನನ್ನ ಸಹಿ ಏನರ ಬೇಕಾಗೈತೇನು?"

"ಏನೂ ಬ್ಯಾಡೋ."

ಆಮೇಲೆ ಅವನೇ ಕೇಳಿದ: "ಅಡ್ಡಹೆಸರಂದ್ರ ನಿನಗ ಭಾಳ ದೊಡ್ಡದಲ್ಲ? ಅಲ್ಲೆ ನಿನಗ ಏನಂತ ಕರೀತಾರ?"

ಹೋಟೆಲಿನವರ ನಾಲಿಗೆಗೆ ನನ್ನ ಹೆಸರು ಹೊರಳುವುದಿಲ್ಲ. "ಬೆಳಗಾವಿ ಅಂತಾರ," ಎಂದೆ.

"ಹಂಗಾರ ನೀನೂ ನಮ್ಮಂವ ಅಲ್ಲ ಬಿಡು."

ನಕ್ಕನೋ, ಕೆಮ್ಮಿದನೋ ತಿಳಿಯಲಿಲ್ಲ. ಫೋನ್ ಮಾತ್ರ ಇಡಲಿಲ್ಲ.