ಗೋಡೆಯಾಚೆ ಕೇಳಿದ ನಾಟಕಗಳು

ನನಗೆ ಪೋಲಿಯೊ ಆದದ್ದು ಇನ್ನೂ ಸರಿಯಾಗಿ ಮಾತು ಬರುವ ಮೊದಲೇ. ಎರಡೂ ಕಾಲು ಬಲಿಯಲಿಲ್ಲ. ದೋರನಹಳ್ಳಿಯ ನಮ್ಮ ಮನೆಯಲ್ಲಿ ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. ಅಂಗಳ, ಅಡುಗೆಮನೆ, ಹಿತ್ತಲು ಎಲ್ಲ ಕಡೆ ಕೈಯೂರಿ ತೆವಳಿಕೊಂಡೇ ಓಡಾಡಿದೆ. ಹೊರಗೆ ಹೋಗುವುದಿದ್ದರೆ ಮಾತ್ರ ಅಣ್ಣನ ಹೆಗಲು.

ಶಹಾಪುರದ ರಂಗಮಂದಿರಕ್ಕೆ ಮೊದಲ ಸಲ ಹೋದದ್ದೂ ಆ ಹೆಗಲ ಮೇಲೆಯೇ. ಕೆನಾಲಿಗೆ ನೀರು ಬಂದು ನಮ್ಮ ಜೋಳದ ಹೊಲಗಳು ಭತ್ತದ ಗದ್ದೆಗಳಾಗುತ್ತಿದ್ದ ಕಾಲ. ಸುಗ್ಗಿ ಮುಗಿದ ಮೇಲೆ ನಾಟಕ ಕಂಪನಿಗಳು ಬರುತ್ತಿದ್ದವು. ನಾನಾಗ ಲಂಗ ಬಿಟ್ಟು ಸೀರೆ ಉಡುವ ವಯಸ್ಸಿಗೆ ಹತ್ತಿರವಾಗಿದ್ದೆ. ನೂಕುನುಗ್ಗಲಿನಲ್ಲಿ ಅಣ್ಣ ಕಲ್ಲಿನ ಮೆಟ್ಟಿಲು ಹತ್ತುವಾಗ ಲಂಗ ಮೊಣಕಾಲಿನ ಮೇಲೆ ಸರಿಯಿತು. ಇಳಿಸಿಕೊಳ್ಳಲು ಕೈ ಬಿಟ್ಟರೆ ಬೀಳುತ್ತೇನೆ. ಹಿಂದಿನಿಂದ ಯಾರೋ ಒಬ್ಬ, "ಏ, ಕಾಲ ನೋಡೋ, ಕಟಗಿ ಆಗ್ಯಾವ," ಎಂದ. ಸುತ್ತಲಿನವರು ನಕ್ಕರು. ಅಣ್ಣನ ಕಿವಿ ಕೆಂಪಾದದ್ದು ನನಗೆ ಕಾಣುತ್ತಿತ್ತು. ಅಂದು ಯಾವ ನಾಟಕ ನೋಡಿದೆನೋ ನೆನಪಿಲ್ಲ. ಆಮೇಲೆ ಅಣ್ಣ ಎಷ್ಟು ಕರೆದರೂ ನಾನು ಹೋಗಲಿಲ್ಲ.

ದೊಡ್ಡವಳಾದ ಮೇಲೆ ಶಹಾಪುರದಲ್ಲೇ ಒಂದು ಖೋಲಿ ಹಿಡಿದು ಹೊಲಿಗೆಗೆ ಕೂತೆ. ತುಳಿಯಲು ಬಾರದ್ದರಿಂದ ಕೈಮಷೀನು. ಪಕ್ಕದ ಮನೆಯ ಮುಸ್ಲಿಂ ಹೆಂಗಸು, ನಾನು ಆಪಾ ಎಂದು ಕರೆಯುತ್ತಿದ್ದವಳು, ಜೊತೆಗೆ ಕೂತು ಗುಂಡಿ ಹಚ್ಚಿಕೊಡುತ್ತಿದ್ದಳು. ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲೂ ಬಂತು. ನಾಟಕವಿದ್ದ ಸಂಜೆ ಅದನ್ನು ರಂಗಮಂದಿರದ ಹಿಂಗೋಡೆಗೆ ಒತ್ತಿ ನಿಲ್ಲಿಸಿಕೊಂಡು ಒಳಗಿನ ಮಾತು, ಹಾರ್ಮೋನಿಯಂ ಪೇಟಿಯ ಸ್ವರ ಕೇಳುತ್ತಿದ್ದೆ.

ಒಂದು ಬೇಸಿಗೆಯಲ್ಲಿ ರಂಗಮಂದಿರದ ತಗಡು ಕಳಚಿದರು. ಇಡೀ ವರ್ಷ ರಿಪೇರಿ ನಡೆಯಿತು. ಅದರ ಕಾರ್ಯದರ್ಶಿ ಒಬ್ಬ ನಿವೃತ್ತ ಮಾಸ್ತರರು. ಹೆಂಡತಿಯ ಜಂಪರು ಒಯ್ಯಲು ಬಂದವರು ಬಾಗಿಲಲ್ಲೇ ನಿಂತು ಕೇಳಿದರು:

"ತಂಗಿ, ನೀ ಗ್ವಾಡಿ ಮಗ್ಗಲಕ್ಕ ಕೂತು ನಾಟಕ ಕೇಳೂದು ನಾ ನೋಡೀನಿ. ಒಳಗ ಯಾಕ ಬರಂಗಿಲ್ಲ?"

ಮೈಯೆಲ್ಲ ಬಿಸಿಯಾಯಿತು. "ಸುಮ್ಮ ಗಾಳಿಗೆ ಬಂದಿರ್ತೀನ್ರಿ ಸರ್."

"ಮೆಟ್ಟಲ ಮಗ್ಗಲಕ್ಕ ಇಳಿಜಾರ ಕಟ್ಟಸಾಕತ್ತೀವಿ. ಹೆಣ್ಮಕ್ಕಳಿಗೆ ಬ್ಯಾರೆ ಬಾಗಿಲಾ ಮಾಡಾಕತ್ತೀವಿ. ಮೊದಲ ನೀನ ಹತ್ತಿ ನೋಡಬೇಕವಾ."

ಹೂಂ ಎಂದು ತಲೆಯಾಡಿಸಿದೆ. ಸಿಮೆಂಟು ಗಟ್ಟಿಯಾದ ಮೇಲೆ ಆಪಾಳನ್ನು ಕರೆದುಕೊಂಡು ಹೋದೆ. ಮಾಸ್ತರರು, ಕೆಲಸದವರು ನೋಡುತ್ತ ನಿಂತಿದ್ದರು. ಅವಳು ಹಿಂದಿನಿಂದ ದೂಡಿದಳು, ನಾನು ಕೈಯಿಂದ ತಿರುಗಿಸಿದೆ. ಅರ್ಧ ಏರುವಷ್ಟರಲ್ಲಿ ಸೈಕಲ್ಲು ನಿಂತು, ಹಿಂದಕ್ಕೆ ಜಾರತೊಡಗಿತು. "ಯಾ ಅಲ್ಲಾ!" ಎಂದು ಆಪಾ ಚೀರಿದಳು. ಸೈಕಲ್ಲು ಗೋಡೆಗೆ ತಾಗಿ ವಾಲಿತು. ನಾನು ಮರಳಿನ ಗುಡ್ಡೆಯ ಮೇಲೆ ಬಿದ್ದೆ, ಸೀರೆ ಎಲ್ಲಿಗೋ, ಕಾಲು ಎಲ್ಲಿಗೋ.

"ಕೆನಾಲ್ ಏರಿಗಿಂತ ಇದು ಕಡಿದಾಗಿಲ್ರೀ," ಎಂದು ಅದನ್ನು ಕಟ್ಟಿದ ಗೌಂಡಿ ಗೊಣಗಿದ. ಅವನು ಅದುವರೆಗೆ ಕೆನಾಲಿನ ಕೆಲಸವನ್ನೇ ಮಾಡಿದವನಂತೆ. ಈ ಸಲ ಯಾರೂ ನಗಲಿಲ್ಲ. ಎಲ್ಲರೂ ಮುಖ ಆಚೆ ತಿರುಗಿಸಿ ನಿಂತಿದ್ದರು. ಅದು ನಗುವಿಗಿಂತ ಹೆಚ್ಚು ಚುಚ್ಚಿತು. ಮಾಸ್ತರರು ಕೈಮುಗಿದು, "ತಪ್ಪ ನಮ್ದದವಾ," ಎಂದರು. ಆ ವಯಸ್ಸಿನವರು ನನಗೆ ಕೈಮುಗಿಯುವುದನ್ನು ನೋಡಲಾಗದೆ, "ಮನಿಗೆ ನಡಿ ಆಪಾ," ಎಂದೆ.

ಆ ಇಳಿಜಾರನ್ನು ಒಡೆಸಿ, ಉದ್ದಕ್ಕೆ ಎಳೆದು, ಕಬ್ಬಿಣದ ಸರಳು ಹಾಕಿಸಿ ಮತ್ತೆ ಕಟ್ಟಿಸಿದ್ದಾರೆಂದು ಆಮೇಲೆ ತಿಳಿಯಿತು. ನಾನು ಆ ರಸ್ತೆಗೇ ಹೋಗುವುದನ್ನು ಬಿಟ್ಟಿದ್ದೆ. ಅಳತೆ ಕೊಡಲು ಬಂದ ಹೆಂಗಸರೆಲ್ಲ ನನ್ನ ಕಾಲನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು.

ಉದ್ಘಾಟನೆಯ ದಿನ ಆಪಾ ಹೊಸ ಬುರ್ಖಾ ಹಾಕಿಕೊಂಡು ಬಂದು ನಿಂತಳು.

"ನಾ ಒಲ್ಲೆ," ಎಂದೆ.

"ನೀ ಒಲ್ಲೆ ಅಂದ್ರ ನನಗ ಯಾರು ಕರಕೊಂಡು ಹೋಗ್ತಾರ? ಇದೇ ಊರಾಗ ಹುಟ್ಟೀನಿ, ಒಂದು ನಾಟಕ ನೋಡಿಲ್ಲ. ನಿನ್ನ ಜೋಡಿ ಅಂದ್ರ ಮನ್ಯಾಗ ಬ್ಯಾಡ ಅನ್ನಂಗಿಲ್ಲ."

ಅದು ನನಗೆ ಹೊಳೆದೇ ಇರಲಿಲ್ಲ. ಹೋದೆವು. ಸೈಕಲ್ಲು ತಾನೇ ಏರಿದಂತೆ ಏರಿತು. ಆದರೆ ಒಳಗೆ, ವೇದಿಕೆಯ ಮೇಲಿದ್ದ ಅತಿಥಿಯೊಬ್ಬರು ಮೈಕಿನಲ್ಲಿ, "ಈ ಅಂಗವಿಕಲ ತಂಗಿಯನ್ನೇ ನೋಡಿ," ಎಂದು ನನ್ನತ್ತ ಕೈ ತೋರಿಸಿದರು. ತುಂಬಿದ ಸಭೆ ತಿರುಗಿ ನೋಡಿ ಚಪ್ಪಾಳೆ ತಟ್ಟಿತು. ಮಾಸ್ತರರು ತಲೆ ತಗ್ಗಿಸಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಸೈಕಲ್ಲು ತಿರುಗಿಸಿ ಹೋಗೋಣವೆಂದರೆ ಹಾದಿಯ ತುಂಬ ಜನ ಕೂತಿದ್ದರು.

ಆಗ ದೀಪ ಆರಿ ನಾಟಕ ಶುರುವಾಯಿತು. ಹೆಂಡತಿಗೆ ಹೆದರಿದ ಗೌಡ ಕಾಳಿನ ಗುಮ್ಮಿಯಲ್ಲಿ ಅಡಗಿ ಕೂತು, ಅಲ್ಲಿಂದಲೇ ಊಟ ಕೇಳಿದ. ಆಪಾಳ ಜೊತೆ ನಾನೂ ಜೋರಾಗಿ ನಕ್ಕುಬಿಟ್ಟೆ. ದೀಪ ಆರಿದ ಮೇಲೆ ಬಂದು ಪಕ್ಕದಲ್ಲಿ ಕೂತಿದ್ದ ಗೋಗಿ ಹಳ್ಳಿಯ ಮುದುಕಿಯೊಬ್ಬಳು ನನ್ನ ತೋಳು ತಿವಿದು, "ಏನಂದ ಈಗ? ನನಗ ಕಿವಿ ಮಂದ ಅದ," ಎಂದಳು. ಅವಳ ಕಿವಿಯಲ್ಲಿ ಹೇಳಿದೆ. ಅವಳೂ ನಕ್ಕಳು. ನಾಟಕ ಮುಗಿಯುವವರೆಗೂ ಅವಳು ತಿವಿಯುವುದು, ನಾನು ಹೇಳುವುದು ನಡೆಯಿತು.

ದೀಪ ಹತ್ತಿದಾಗ ಅವಳು ಸೈಕಲ್ಲು ನೋಡಿದಳು, ಕಾಲು ನೋಡಿದಳು. ನಾನು ಮುದುಡಿದೆ. ಅವಳು ಮಾತ್ರ, "ಮುಂದಿನ ನಾಟಕಕ್ಕ ಬರ್ತಿ ಹೌದಿಲ್ಲ? ನಿನ್ನ ಮಗ್ಗಲಕ್ಕ ನನಗ ಜಾಗಾ ಹಿಡಿ," ಎಂದಳು.

ಹೊರಗೆ ಬರುವಾಗ ಜನ ಸರಿದು ದಾರಿ ಬಿಟ್ಟು ನೋಡುತ್ತಲೇ ಇದ್ದರು. ನನ್ನ ಕತ್ತು ಮೇಲೆ ಏಳಲಿಲ್ಲ. ಇಂದಿಗೂ ಪೂರ್ತಿ ಏಳುವುದಿಲ್ಲ. ಆದರೂ ಮುಂದಿನ ನಾಟಕಕ್ಕೆ ಆಪಾಳ ಜೊತೆ ಹೋದೆ. ಮುದುಕಿ ತನ್ನ ಇಬ್ಬರು ಸೊಸೆಯರನ್ನೂ ಕರೆದುಕೊಂಡು ಬಂದಿದ್ದಳು.