ಶಿವಕಾಂತಾ ಮತ್ತು ಐದು ವರ್ಷದ ವಾರಂಟಿ

೨೦೨೪ರ ಜುಲೈ ೨೩, ಮಂಗಳವಾರ. ನಸುಕಿನಿಂದ ಜಿಟಿಜಿಟಿ ಹಿಡಿದಿದ್ದ ಮಳೆ ಹತ್ತರ ಹೊತ್ತಿಗೆ ನಿಂತಿತು. ಮೋಡ ಮಾತ್ರ ಸರಿಯಲಿಲ್ಲ. ಗೊಬ್ಬೂರಿನ ಎರೆಹೊಲಗಳಲ್ಲಿ ಹೆಜ್ಜೆ ಇಟ್ಟರೆ ಚಪ್ಪಲಿ ಮಣ್ಣಿಗೇ ಉಳಿಯುವಷ್ಟು ಹಸಿ.

ಶಿವಕಾಂತಾ ತೊಗರಿಯ ಸಾಲುಗಳನ್ನು ನೋಡಿಕೊಂಡು ಬಂದು, ನಾಲ್ಕು ದಪ್ಪ ಗಾಲಿಗಳ ಹೊಸ ಎಟಿವಿಯನ್ನು ಬದುವಿನ ಬೇವಿನ ಕೆಳಗೆ ನಿಲ್ಲಿಸಿ, ಇಳಿಯದೆ ಕುಳಿತಿದ್ದಳು. ಇಳಿಯುವುದು ಅವಳಿಗೆ ಸಣ್ಣ ಕೆಲಸವಲ್ಲ. ಚಿಕ್ಕಂದಿನಲ್ಲಿ ಬಂದ ಪೋಲಿಯೊ ಎಡಗಾಲಿನ ಬಲವನ್ನೆಲ್ಲ ಒಯ್ದಿತ್ತು. ಅಫಜಲಪುರದ ಕಾಲೇಜಿನಲ್ಲಿ ಬಿ.ಎ. ಮುಗಿಸಿದಳು, ಮದುವೆಯ ಮಾತು ಬಂದು ಬಂದು ಹೋಯಿತು, ತಂದೆ ತೀರಿದ ಮೇಲೆ ಹನ್ನೆರಡು ಎಕರೆ ಅವಳ ಪಾಲಿಗೆ ಉಳಿಯಿತು. ಐವತ್ತೆರಡರ ಈ ವಯಸ್ಸಿಗೆ ಆ ಹೊಲವನ್ನು ಅವಳಷ್ಟು ಬಲ್ಲವರು ಊರಲ್ಲಿ ಇನ್ನೊಬ್ಬರಿಲ್ಲ.

ಕಳೆ ತೆಗೆಯುತ್ತಿದ್ದ ಗಂಗಾಬಾಯಿ ಸೊಂಟ ನೆಟ್ಟಗೆ ಮಾಡಿಕೊಂಡು ಹತ್ತಿರ ಬಂದಳು.

“ಟ್ರ್ಯಾಕ್ಟರ್ ಹಡೆದ ಕೂಸು ನೋಡವ್ವಾ ಇದು. ಯಾವಾಗ ದೊಡ್ಡದಾಗ್ತದ?”

“ನಿನ್ನ ನಾಲಿಗಿ ಸಣ್ಣದಾದ ದಿನ.”

“ಹಂಗಾದ್ರ ಇದರ ಲಗ್ನ ನಾ ನೋಡಂಗಿಲ್ಲ ಬಿಡು. ಅಲ್ಲಬೇ, ಹೋದ ವರ್ಷ ನಿನ್ನ ಕೆಡವಿದ ಎಮ್ಮಿ ಇದಕ್ಕ ಅಡ್ಡ ಬಂದ್ರ, ಪಾಪ, ಎಮ್ಮಿ ಗತಿ ಏನು?”

ಶಿವಕಾಂತಾ ನಗಲಿಲ್ಲ. ಹೋದ ವರ್ಷ ಹಳ್ಳದ ಇಳಿಜಾರಿನಲ್ಲಿ ಅವಳ ಸ್ಕೂಟರು ಮಗುಚಿ ಮುಂಗೈ ಮುರಿದಿತ್ತು. ಎಮ್ಮೆ ಅಡ್ಡ ಬಂತೆಂದು ಎಲ್ಲರಿಗೂ ಹೇಳಿದ್ದಳು. ಯಾವ ಎಮ್ಮೆಯೂ ಬಂದಿರಲಿಲ್ಲ. ಬ್ರೇಕ್ ಹಿಡಿದಿರಲಿಲ್ಲ, ಅಷ್ಟೆ. ಕೆಸರಿನಲ್ಲಿ ಬಿದ್ದುಕೊಂಡೇ ಅವಳು ಬ್ರೇಕಿನ ಸರಳು ಕಳಚಿ ಜೋತಾಡುವುದನ್ನು ಕಂಡಿದ್ದಳು. ಹಿಂದಿನ ದಿನವಷ್ಟೇ ಆ ಬ್ರೇಕನ್ನು ಲಾಡ್ಲೆಸಾಬ ಬಿಚ್ಚಿ ಜೋಡಿಸಿದ್ದ.

ಲಾಡ್ಲೆಸಾಬ ಊರ ಅಂಚಿನ ತಗಡಿನ ಛಾವಣಿಯ ಅಂಗಡಿಯಲ್ಲಿ ಗಾಡಿ ರಿಪೇರಿ ಮಾಡುವ ಮೇಸ್ತ್ರಿ. ಅವಳಿಗೆ ಇಪ್ಪತ್ತಾರೋ ಇಪ್ಪತ್ತೇಳೋ ಇದ್ದಾಗ ಹಳೆಯ ಮೊಪೆಡ್ಡಿನ ಎರಡೂ ಮಗ್ಗುಲಿಗೆ ಸಣ್ಣ ಗಾಲಿ ಬೆಸೆದು, ಅವಳ ತಂದೆಯ ಮುಂದೆ ನಿಲ್ಲಿಸಿ, “ಇನ್ನ ಮ್ಯಾಲ ಬೇಟಿ ಯಾರ ಬಂಡಿ ಹಾದೀನೂ ನೋಡೂದು ಬ್ಯಾಡ” ಎಂದವನು. ಆಮೇಲೆ ಅವಳು ಕೊಂಡ ಪ್ರತಿ ಗಾಡಿಯೂ ಅವನ ಕೈಯಲ್ಲಿ ಹಾಯ್ದು ಅವಳ ಮೈಗೆ ಹೊಂದಿತ್ತು. ಈಗ ಅವನಿಗೆ ಎಪ್ಪತ್ತರ ಹತ್ತಿರ. ಕಣ್ಣು ಮಂಜು, ಬೆರಳು ನಡುಗುತ್ತವೆ. ಇನ್ನೊಮ್ಮೆ ಬ್ರೇಕ್ ತಪ್ಪಿದರೆ ಮುರಿಯುವುದು ಬರೀ ಮುಂಗೈ ಆಗಿರಲಿಕ್ಕಿಲ್ಲ. ಆದರೆ ನಿಮ್ಮ ಕೈ ಬೇಡ ಎಂದು ಅವನೆದುರು ಹೇಳುವುದು ಹೇಗೆ? ಅದಕ್ಕೇ ಹೊಸ ಗಾಡಿ ಬಂದು ತಿಂಗಳಾಗುತ್ತ ಬಂದರೂ ಆ ಅಂಗಡಿಯತ್ತ ಒಯ್ದಿರಲಿಲ್ಲ.

ಅಷ್ಟರಲ್ಲಿ ಫೋನು ಬಂತು. ಗಾಡಿ ಮಾರಿದ ಕಲಬುರಗಿಯ ಅಂಗಡಿಯ ಅರುಣಕುಮಾರ.

“ಮೇಡಂ, ವಾರಂಟಿ ಹೆಚ್ಚಿಸ್ಲಾಕ ನಾಳಿಗಿ ಕೊನೀ ದಿನಾರಿ. ಹದಿನೆಂಟು ಸಾವಿರ ಕಟ್ಟಿದ್ರ ಮತ್ತ ನಾಲ್ಕು ವರ್ಷ, ಒಟ್ಟ ಐದು ವರ್ಷ ನಿಶ್ಚಿಂತಿ. ಕರಾರು ಇಷ್ಟೇರಿ: ನಮ್ಮ ವರ್ಕ್‌ಶಾಪ್ ಬಿಟ್ಟು ಹೊರಗ ಯಾರೂ ಬಿಚ್ಚಬಾರದು. ತೂತು ಹಾಕೂದು, ಬೆಸಿಗಿ ಹಾಕೂದು, ಏನೂ ಮಾಡಬಾರದು.”

ಹೊರಗೆ ಯಾರೂ ಬಿಚ್ಚಬಾರದು. ಆ ಮಾತು ಕಿವಿಗೆ ಬಿದ್ದೊಡನೆ ಎದೆ ಹಗುರಾಯಿತು. ತಾನು ಆಡಲಾರದ ಮಾತನ್ನು ಕಂಪನಿಯೇ ಆಡಿತ್ತು. ಸಂಜೆಯೊಳಗೆ ತಿಳಿಸುವುದಾಗಿ ಹೇಳಿ, ಅವಳು ಗಾಡಿಯನ್ನು ನೇರ ಲಾಡ್ಲೆಸಾಬನ ಅಂಗಡಿಗೆ ತಿರುಗಿಸಿದಳು.

ಅವನು ಸೈಕಲ್ಲಿನ ಚೈನೊಂದನ್ನು ಮುಖದ ಹತ್ತಿರ ಹಿಡಿದು ಕುಳಿತಿದ್ದ.

“ಬಾ ಬೇಟಿ. ಊರಾಗಿನ ನಾಯಿ ಸೈತ ನೋಡ್ಯಾವ ಇದನ್ನ. ನಾ ಒಬ್ಬನೇ ಉಳಿದಿದ್ದೆ.”

“ಕಾಕಾ, ಕಂಪನಿಯವ್ರು ಐದು ವರ್ಷದ ವಾರಂಟಿ ಕೊಡ್ತಾರಂತ್ರಿ. ತಗೊಂಡ್ರ ಹೊರಗಿನವ್ರು ಒಂದು ನಟ್ಟೂ ಮುಟ್ಟಂಗಿಲ್ಲಂತ.” ದಾರಿಯುದ್ದಕ್ಕೂ ಹೊಂದಿಸಿಕೊಂಡ ಮಾತು, ಒಂದೇ ಉಸಿರಿಗೆ ಮುಗಿಯಿತು.

“ಚಲೋ ಆತಲ್ಲ,” ಎಂದು ಲಾಡ್ಲೆಸಾಬ ಎದ್ದು, ಗಾಡಿಯ ಸುತ್ತ ನಿಧಾನಕ್ಕೆ ಕೈಯಾಡಿಸುತ್ತ ಬಂದ. ಎಡಗಡೆಗೆ ಬಂದಾಗ ಕೈ ನಿಂತಿತು. ಅವಳ ಎಡಪಾದವನ್ನು ಹಳೆಯ ಸೀರೆಯ ಅಂಚಿನಿಂದ ಗಾಡಿಗೆ ಬಿಗಿದು ಕಟ್ಟಿತ್ತು.

“ಇದೇನಿದು?”

“ಕಟ್ಟಲಿಲ್ಲಂದ್ರ ಕುಲುಕಾಟಕ್ಕ ಕಾಲು ಜಾರಿ ಗಾಲಿಗಿ ಹೋಗ್ತದ್ರಿ.”

“ಗಾಡಿ ಮಗ್ಗಲಾತಂದ್ರ? ಬಿಚ್ಚಿಕೊಳ್ಳೂತನಾ ಅದು ನಿಂತಿರತದೇನು?” ಅವನ ದನಿ ಏರಿತು. “ಹಿಮ್ಮಡಿ ಜಾರದಂಗ ಒಂದು ತಗಡು, ಮಗ್ಗಲಿಗೊಂದು ಪಟ್ಟಿ ಬೆಸೆದ್ರ ಮುಗೀತು. ಕಟ್ಟೂದೇ ಬ್ಯಾಡ.”

“ಬೆಸಿಗಿ ಹಾಕಿದ್ರ ವಾರಂಟಿ ಹೋಗ್ತದ್ರಿ.”

“ಹಂಗಾದ್ರ ಕಂಪನಿಯವ್ರಿಗೇ ಹೇಳು, ಮಾಡಿಕೊಡ್ಲಿ.”

“ಅವ್ರು ಮಾಡಂಗಿಲ್ಲಂತ್ರಿ. ಗಾಡಿ ಕೊಳ್ಳೂವಾಗೇ ಕೇಳೇನಿ.”

ಅವನು ಬಗ್ಗಿ, ನಡುಗುವ ಬೆರಳುಗಳಿಂದ ಗಂಟು ಬಿಚ್ಚತೊಡಗಿದ. ಅದು ಬೇಗ ಬಿಚ್ಚಲಿಲ್ಲ. ತನ್ನ ಪಾದದ ಮೇಲೆ ಬಾಗಿದ ಆ ನರೆತಲೆಯನ್ನು ನೋಡುತ್ತ ಶಿವಕಾಂತಾಳಿಗೆ ಕಂಪನಿಯ ಮಾತಿನ ಹಿಂದೆ ಅಡಗಿ ಕೂರುವುದು ಇನ್ನು ಸಾಧ್ಯವಿಲ್ಲವೆನಿಸಿತು.

“ಕಾಕಾ, ಅವತ್ತು ಎಮ್ಮಿ ಬಂದಿರಲಿಲ್ರಿ.”

“ಗೊತ್ತದ.” ಅವನು ತಲೆ ಎತ್ತಲಿಲ್ಲ. “ಹಳ್ಳದಾಗಿಂದ ಗಾಡಿ ಎತ್ತಿಸಿದಾಂವ ನಾನೇ ಅಲ್ಲೇನು? ಬ್ರೇಕಿಗಿ ನಟ್ಟಿರಲಿಲ್ಲ. ಬಿಗಿ ಮಾಡೇನಿ ಅಂತ ತಿಳಕೊಂಡಿದ್ದೆ. ನೀ ಬಂದು ಬೈತಿ, ಬೈತಿ ಅಂತ ಹಾದಿ ನೋಡ್ದೆ. ನೀ ಹೋಗಿ ಎಮ್ಮಿ ಮ್ಯಾಲ ಹಾಕಿದಿ.”

“ನಿಮಗ ನಾ ಹ್ಯಾಂಗ ಬೈಲ್ರಿ?”

“ಬೈದಿದ್ರ ನಾ ಅವತ್ತೇ ಬ್ರೇಕಿನ ಕೆಲಸ ಬಿಡ್ತಿದ್ದೆ. ನೀ ಸುಮ್ಮನಾದಿ, ನಾನೂ ಸುಮ್ಮನಾದೆ. ಆಮ್ಯಾಲೂ ಒಂದು ವರ್ಷ ಊರ ಮಂದಿ ಬ್ರೇಕು ಬಿಗಿ ಮಾಡೇನಿ ಇದೇ ಕೈಲಿಂದ. ಅಲ್ಲಾ ಉಳಸ್ಯಾನ.”

ಗಂಟು ಬಿಚ್ಚಿತು. ಅವನು ಆ ಅಂಚನ್ನು ಮಡಿಚಿ ಅವಳ ಕೈಗಿತ್ತ.

“ಇವತ್ತಿನಿಂದ ಬ್ರೇಕು ಮುಟ್ಟಂಗಿಲ್ಲ ಬೇಟಿ. ನಿಂದಷ್ಟೇ ಅಲ್ಲ, ಯಾರದೂ. ಅದನ್ನ ಕಲಬುರಗಿಗಿ ಒಯ್ಯಿ. ನಿನ್ನ ಕಾಲಿನ ಅಳತಿ ಮಾತ್ರ ನಾ ಹೇಳ್ತೇನಿ. ಅದಕ್ಕ ಕಣ್ಣು ಬೇಕಾಗಿಲ್ಲ.”

ಅವಳು ಅಲ್ಲಿಂದಲೇ ಅರುಣಕುಮಾರನಿಗೆ ಫೋನು ಹಚ್ಚಿದಳು.

“ವಾರಂಟಿ ಬ್ಯಾಡ್ರಿ. ಗಾಡಿಗಿ ಬೆಸಿಗಿ ಹಾಕಸಾಕತ್ತೇನಿ.”

“ಮೇಡಂ, ಈಗಿರೂ ಒಂದು ವರ್ಷದ್ದೂ ಹೋಗ್ತದ್ರಿ! ನಾಳಿಗಿ ಎಂಜಿನ್ ಕೆಟ್ರ?”

“ಕೆಟ್ರ ರೊಕ್ಕ ಕೊಟ್ಟು ಮಾಡಸ್ತೇನಿ. ಬ್ರೇಕಷ್ಟು ಆಗಾಗ ನೋಡಿ ಕೊಡ್ತೀರೇನ್ರಿ?”

“ಅದು ಕೊಡ್ತೇವ್ರಿ. ಖರೇ, ಇನ್ನೊಮ್ಮಿ ವಿಚಾರ ಮಾಡ್ರಿ.”

“ಮಾಡೇನ್ರಿ,” ಎಂದು ಅವಳು ಫೋನು ಇಟ್ಟಳು.

ಪಕ್ಕದಲ್ಲಿ ಗೇಟು, ಕಿಟಕಿ ಮಾಡುವ ಮಾಳಿಂಗನನ್ನು ಕರೆಸಿದರು. ಲಾಡ್ಲೆಸಾಬ ಕಣ್ಣು ಮುಚ್ಚಿ ಅವಳ ಪಾದವನ್ನು ಗೇಣಿನಿಂದ ಅಳೆದು, ಕಬ್ಬಿಣದ ಮೇಲೆ ಸುಣ್ಣದ ಗೆರೆ ಎಳೆದ. “ಮಾಳ್ಯಾ, ಇದು ದನದ ಕೊಟ್ಟಗಿ ಬಾಗಿಲಲ್ಲಲೇ, ನಾಜೂಕ ಹಾಕು,” ಎಂದು ಗದರಿಸುತ್ತ ಪಕ್ಕದಲ್ಲೇ ನಿಂತಿದ್ದ. ಎರಡು ಸಲ ಬಿಡಿಸಿ, ಮೂರನೆಯ ಸಲಕ್ಕೆ ಹಿಮ್ಮಡಿ ಕೂತಿತು. ಕಾಲು ಕಟ್ಟದೆ, ಕೆಸರಿನ ದಾರಿಯಲ್ಲಿ ಅವಳು ಒಂದು ಸುತ್ತು ಹೊಡೆದು ಬಂದಳು. ಪಾದ ಜಾರಲಿಲ್ಲ.

ಅಂದಿನ ಖರ್ಚು: ಕಬ್ಬಿಣದ ತಗಡು, ಪಟ್ಟಿಗೆ ನಾನೂರ ಇಪ್ಪತ್ತು ರೂಪಾಯಿ, ಮಾಳಿಂಗನ ಬೆಸುಗೆಗೆ ಮುನ್ನೂರು, ಪೆಟ್ರೋಲಿಗೆ ಇನ್ನೂರು, ಚಹಾಕ್ಕೆ ಮೂವತ್ತು. ಅಳತೆಯ ಕೂಲಿಯೆಂದು ಲಾಡ್ಲೆಸಾಬ ನೂರೈವತ್ತು ಕೇಳಿದ, ಕೊಟ್ಟಳು. ವಾರಂಟಿಗೆ ಏನೂ ಇಲ್ಲ.